ಕಥೆ ನಿಂತಾಗ ಮೊದಲು ಭುಜ ಇಳಿಸಿದೆ

ದೀಪಾವಳಿ ವಿಶೇಷಾಂಕಕ್ಕೆ ಕಥೆ ಕೊಡಬೇಕಿತ್ತು. ನಾಯಕಿ ಹೊಸ್ತಿಲ ಹತ್ತಿರ ಬಂದು ನಿಂತವಳು ಒಳಗೆ ಬರುತ್ತಲೇ ಇರಲಿಲ್ಲ. ಒಂದು ಸಂಜೆ ನನ್ನನ್ನೇ ಗಮನಿಸಿಕೊಂಡೆ: ಹಲ್ಲು ಕಚ್ಚಿಕೊಂಡಿದ್ದೇನೆ, ಭುಜ ಕಿವಿಯ ತನಕ ಏರಿದೆ, ಉಸಿರು ಎದೆಯ ಮೇಲೆಯೇ ಆಡುತ್ತಿದೆ. ಮೈ ಜಗಳಕ್ಕೆ ನಿಂತಿರುವಾಗ ಕಥೆ ಎಲ್ಲಿಂದ ಹುಟ್ಟಬೇಕು, ಅಲ್ವಾ?

ಮಾಡಿದ್ದು ಇಷ್ಟೇ. ಭುಜ ಇಳಿಸಿ, 4 ಎಣಿಸುವಷ್ಟು ಹೊತ್ತು ಉಸಿರು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ. ಅಂದರೆ ನಿಮಿಷಕ್ಕೆ ಸುಮಾರು 6 ಉಸಿರು. ಉಸಿರು ಬಿಡುವಾಗ ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ಕೊಂಚ ನಿಧಾನವಾಗುತ್ತದೆ. ಅದಕ್ಕೇ ಬಿಡುವುದನ್ನು ಉದ್ದ ಮಾಡುವುದು. ಹಟ ಮಾಡಬೇಡಿ, ತಲೆ ಸುತ್ತಿದರೆ ನಿಲ್ಲಿಸಿ.

ಆಮೇಲೆ ಫೋನ್ ಮನೆಯಲ್ಲೇ ಬಿಟ್ಟು ಕೆರೆ ಏರಿ ಮೇಲೆ ಸುಮ್ನೆ ನಡೆದೆ. ಅಲ್ಲೇ ನಾಯಕಿಯ ಮೊದಲ ಮಾತು ಹೊಳೆಯಿತು. ಪವಾಡವೇನಲ್ಲ. 2014ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲೂ ಕೂತಾಗಿಗಿಂತ ನಡೆಯುವಾಗ ಜನರಿಗೆ ಹೊಸ ಆಲೋಚನೆ ಜಾಸ್ತಿ ಬಂದವು, ಖಾಲಿ ಗೋಡೆ ನೋಡುತ್ತ ಟ್ರೆಡ್‌ಮಿಲ್ ಮೇಲೆ ನಡೆದರೂ ಕೂಡ. ಒಂದೇ ಸರಿಯುತ್ತರ ಬೇಕಾದ ಪ್ರಶ್ನೆಗಳಿಗೆ ಮಾತ್ರ ನಡಿಗೆಯಿಂದ ಲಾಭವಾಗಲಿಲ್ಲ. ಹಾಗಾಗಿ ತಿದ್ದುವ ಕೆಲಸ ಈಗಲೂ ಕೂತೇ ಮಾಡುತ್ತೇನೆ. ನಡುರಾತ್ರಿಯ ಕಾಫಿಯನ್ನೂ ಬಿಟ್ಟಿದ್ದೇನೆ, ಅದೊಂದು ಮಾತ್ರ ಇನ್ನೂ ಬೇಜಾರು.