ಗ್ರಾಫ್ ಹಾಳೆಯ ಮೇಲೆ ಆಕೃತಿ ಸರಿಸುವುದು, ಮಗುಚುವುದು, ತಿರುಗಿಸುವುದು: ಚುಕ್ಕಿ ರಂಗೋಲಿಯಿಂದ ಸೋಮನಾಥಪುರದ ನಕ್ಷತ್ರದವರೆಗೆ

ಬೇಕಾಗುವ ಸಾಮಾನು ಹೆಚ್ಚಿಲ್ಲ. 1 ಮಿ.ಮೀ. ಚೌಕದ ಗ್ರಾಫ್ ಹಾಳೆ, ಚೂಪು ಮಾಡಿದ ಪೆನ್ಸಿಲ್, ಸ್ಕೇಲು, ಅಂಗೈ ಅಗಲದ ಒಂದು ತುಂಡು ಟ್ರೇಸಿಂಗ್ ಪೇಪರ್. ಟ್ರೇಸಿಂಗ್ ಪೇಪರ್ ಇಲ್ಲದಿದ್ದರೆ ಬಟರ್ ಪೇಪರ್ ಆದರೂ ನಡೆಯುತ್ತದೆ. ಆದರೆ ಅದನ್ನು ಬಿಟ್ಟು ಕೂರಬೇಡಿ. ಸೂತ್ರ ಹಾಕಿ ಬಂದ ಉತ್ತರ ಸರಿಯೇ ಎಂದು ಅರ್ಧ ನಿಮಿಷದಲ್ಲಿ ಹೇಳುವುದು ಅದೇ.

ಮೊದಲು ಪ್ರಮಾಣ. ಎರಡು ಅಕ್ಷಗಳಿಗೂ 1 ಸೆಂ.ಮೀ. = 1 ಮಾನ ಎಂದೇ ಇಟ್ಟುಕೊಳ್ಳಿ. ಎಸ್‌ಎಸ್‌ಎಲ್‌ಸಿ ಮಕ್ಕಳು ಎಡವುವುದು ಇಲ್ಲೇ. ಸಮೀಕರಣದ ನಕ್ಷೆ ಎಳೆಯುವಾಗ ಎಕ್ಸ್ ಅಕ್ಷಕ್ಕೆ ಒಂದು ಪ್ರಮಾಣ, ವೈ ಅಕ್ಷಕ್ಕೆ ಇನ್ನೊಂದು ಇಟ್ಟರೂ ನಡೆಯುತ್ತದೆ, ಆ ರೂಢಿ ಕೈಗೆ ಹತ್ತಿರುತ್ತದೆ. ತಿರುಗಿಸುವ ಲೆಕ್ಕದಲ್ಲಿ ಹಾಗೆ ಮಾಡಿದರೆ ಅಂಕಿಗಳೆಲ್ಲ ಸರಿಯಾಗಿ ಬರುತ್ತವೆ, ಚಿತ್ರ ಮಾತ್ರ ಒಂದು ಕಡೆ ಸೊಟ್ಟಗಾಗುತ್ತದೆ. ತಪ್ಪು ಎಲ್ಲಿದೆ ಎಂದು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಲೆಕ್ಕದಲ್ಲಿ ತಪ್ಪೇ ಇರುವುದಿಲ್ಲ.

ಅಭ್ಯಾಸಕ್ಕೆ ಯಾವ ಆಕೃತಿ? ಚೌಕ, ಸಮಬಾಹು ತ್ರಿಭುಜ ಬೇಡ. ಅವನ್ನು ತಪ್ಪಾಗಿ ಮಗುಚಿದರೂ ಸರಿಯಾಗಿಯೇ ಕಾಣುತ್ತವೆ. ಮೂರೂ ಬಾಹುಗಳು ಬೇರೆ ಬೇರೆ ಉದ್ದವಿರುವ ತ್ರಿಭುಜ ತೆಗೆದುಕೊಳ್ಳಿ: ಎ(1, 1), ಬಿ(5, 2), ಸಿ(2, 4). ಇದರ ವಿಸ್ತೀರ್ಣ 5.5 ಚದರ ಮಾನ. ಎ, ಬಿ, ಸಿ ಎಂದು ಬೆರಳಾಡಿಸುತ್ತಾ ಹೋದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತೇವೆ. ಈ ಎರಡು ಸಂಗತಿ, ವಿಸ್ತೀರ್ಣ ಮತ್ತು ಸುತ್ತುವ ದಿಕ್ಕು, ಕೊನೆಯವರೆಗೂ ನೆನಪಿರಲಿ. ಕೆಲಸ ಯಾವಾಗಲೂ ಶೃಂಗಬಿಂದುಗಳ ಮೇಲೆ. ಬಾಹುಗಳನ್ನು ಕೊನೆಯಲ್ಲಿ ಸ್ಕೇಲು ಸೇರಿಸುತ್ತದೆ.

ಸರಿಸುವುದು

ಇದು ಸುಲಭ. 6 ಮಾನ ಎಡಕ್ಕೆ, 2 ಮಾನ ಕೆಳಕ್ಕೆ ಎಂದರೆ ಪ್ರತಿ ಬಿಂದುವಿನ ಮೊದಲ ಅಂಕಿಯಿಂದ 6, ಎರಡನೆಯದರಿಂದ 2 ಕಳೆಯಿರಿ: ಎ′(−5, −1), ಬಿ′(−1, 0), ಸಿ′(−4, 2). ಲೆಕ್ಕ ಮಾಡದೆ ಗೆರೆ ಎಣಿಸಿಕೊಂಡು ಹೋಗುವವರು ಹೊರಟ ಗೆರೆಯನ್ನೇ ಒಂದು ಎಂದು ಎಣಿಸಿ ಒಂದು ಮಾನ ಕಡಿಮೆ ಸರಿಸುತ್ತಾರೆ. ಎಣಿಸಬೇಕಾದದ್ದು ಗೆರೆಗಳನ್ನಲ್ಲ, ದಾಟಿದ ಮನೆಗಳನ್ನು.

ಮಗುಚುವುದು, ಅಂದರೆ ಪ್ರತಿಫಲನ

ಎಕ್ಸ್ ಅಕ್ಷದಲ್ಲಿ ಪ್ರತಿಫಲಿಸಿದಾಗ (ಎಕ್ಸ್, ವೈ) ಹೋಗಿ (ಎಕ್ಸ್, −ವೈ) ಆಗುತ್ತದೆ. ಎಕ್ಸ್ ಅಕ್ಷ ಎಂಬ ಹೆಸರು ಕಿವಿಗೆ ಬಿದ್ದ ತಕ್ಷಣ ಎಕ್ಸ್‌ನ ಚಿಹ್ನೆ ಬದಲಿಸುವುದು ಎಲ್ಲರೂ ಮಾಡುವ ತಪ್ಪು. ಯಾವ ಅಕ್ಷ ಕನ್ನಡಿಯೋ ಅದರ ಅಂಕಿ ಹಾಗೇ ಉಳಿಯುತ್ತದೆ, ಇನ್ನೊಂದರದ್ದು ಚಿಹ್ನೆ ಬದಲಾಗುತ್ತದೆ. ನಮ್ಮ ತ್ರಿಭುಜ (1, −1), (5, −2), (2, −4) ಆಗಬೇಕು.

ಕನ್ನಡಿ ಅಕ್ಷದ ಮೇಲೇ ಇರಬೇಕೆಂದಿಲ್ಲ. ಎಕ್ಸ್ = 3 ಎಂಬ ನೆಟ್ಟಗಿನ ಗೆರೆಯಲ್ಲಿ ಮಗುಚಬೇಕಾದರೆ ಮೊದಲ ಅಂಕಿಯನ್ನು 3ರ ಎರಡರಷ್ಟರಿಂದ ಕಳೆಯಿರಿ: (6 − ಎಕ್ಸ್, ವೈ). ಎ(1, 1) ಹೋಗಿ (5, 1), ಬಿ ಹೋಗಿ (1, 2), ಸಿ ಹೋಗಿ (4, 4). ಇಲ್ಲಿ ತ್ರಿಭುಜದ ಮಧ್ಯದಲ್ಲೇ ಕನ್ನಡಿ ಹಾದುಹೋಗುವುದರಿಂದ ಹಳೆಯದೂ ಹೊಸದೂ ಒಂದರ ಮೇಲೊಂದು ಬೀಳುತ್ತವೆ. ಅದು ತಪ್ಪಲ್ಲ, ಹೆದರಿ ಅಳಿಸಬೇಡಿ.

ವೈ = ಎಕ್ಸ್ ಎಂಬ ಓರೆ ಗೆರೆಗೆ ಎರಡು ಅಂಕಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಎ(1, 1) ಆ ಗೆರೆಯ ಮೇಲೇ ಇರುವುದರಿಂದ ಅಲುಗುವುದಿಲ್ಲ, ಬಿ (2, 5) ಆಗುತ್ತದೆ, ಸಿ (4, 2) ಆಗುತ್ತದೆ. ವೈ = −ಎಕ್ಸ್ ಗೆರೆಗಾದರೆ ಅದಲುಬದಲು ಮಾಡಿ ಎರಡಕ್ಕೂ ಚಿಹ್ನೆ ಬದಲಿಸಿ: (−ವೈ, −ಎಕ್ಸ್).

ಯಾವ ಗೆರೆಯಲ್ಲೇ ಮಗುಚಿ, ಎ′, ಬಿ′, ಸಿ′ ಸುತ್ತುವ ದಿಕ್ಕು ತಿರುವುಮುರುವಾಗಲೇಬೇಕು. ಆಗದಿದ್ದರೆ ನೀವು ಮಾಡಿದ್ದು ಪ್ರತಿಫಲನವಲ್ಲ, ಬೇರೇನೋ. ಟ್ರೇಸಿಂಗ್ ಪೇಪರ್ ಪರೀಕ್ಷೆಯೂ ಅದೇ: ಮೂಲ ತ್ರಿಭುಜ ತೆಗೆದ ಹಾಳೆಯನ್ನು ಬೋರಲು ಹಾಕಿದರೆ ಮಾತ್ರ ಹೊಸದರ ಮೇಲೆ ಕೂರಬೇಕು.

ತಿರುಗಿಸುವುದು

ಹೆಚ್ಚು ಗೊಂದಲ ಇಲ್ಲೇ, ಹೆಚ್ಚು ಉಪಯೋಗವೂ ಇಲ್ಲೇ. ತಿರುಗಿಸು ಎಂದರೆ ಮೂರು ಪ್ರಶ್ನೆಗೆ ಉತ್ತರ ಬೇಕು: ಯಾವ ಬಿಂದುವಿನ ಸುತ್ತ, ಎಷ್ಟು ಡಿಗ್ರಿ, ಯಾವ ದಿಕ್ಕಿಗೆ. ದಿಕ್ಕು ಹೇಳದಿದ್ದರೆ ಗಣಿತದಲ್ಲಿ ಅಪ್ರದಕ್ಷಿಣ ಎಂದೇ ಅರ್ಥ. ಗುಡಿ ಸುತ್ತಿ ರೂಢಿಯಾದ ಕಾಲು ಬಲಕ್ಕೆ ಎಳೆಯುತ್ತದೆ, ಜೋಕೆ.

ಮೂಲಬಿಂದುವಿನ ಸುತ್ತ 90° ಅಪ್ರದಕ್ಷಿಣ: (−ವೈ, ಎಕ್ಸ್). ಅದೇ 90° ಪ್ರದಕ್ಷಿಣ: (ವೈ, −ಎಕ್ಸ್). 180°ಗೆ ದಿಕ್ಕಿನ ತಕರಾರಿಲ್ಲ: (−ಎಕ್ಸ್, −ವೈ). ಯಾವುದು ಯಾವುದೆಂದು ಮರೆತರೆ ಉರು ಹೊಡೆಯಬೇಡಿ, (1, 0) ಬಿಂದುವನ್ನು ಹಾಕಿ ನೋಡಿ. ಅಪ್ರದಕ್ಷಿಣವಾಗಿ ಕಾಲು ಸುತ್ತು ಹೋದರೆ ಅದು ನೇರ ಮೇಲೆ (0, 1)ಕ್ಕೆ ಬರಬೇಕು. (−ವೈ, ಎಕ್ಸ್) ಅದನ್ನೇ ಕೊಡುತ್ತದೆ. ನಮ್ಮ ತ್ರಿಭುಜ (−1, 1), (−2, 5), (−4, 2) ಆಗಿ ಎರಡನೇ ಚತುರ್ಥಕಕ್ಕೆ ಹೋಗುತ್ತದೆ. ಸುತ್ತುವ ದಿಕ್ಕು ಬದಲಾಗುವುದಿಲ್ಲ. (−ವೈ, ಎಕ್ಸ್) ಮತ್ತು (−ವೈ, −ಎಕ್ಸ್) ನಡುವೆ ಇರುವುದು ಒಂದೇ ಒಂದು ಋಣ ಚಿಹ್ನೆ. ಆದರೆ ಮೊದಲನೆಯದು ತಿರುಗಿಸುತ್ತದೆ, ಎರಡನೆಯದು ಮಗುಚುತ್ತದೆ.

ಕೇಂದ್ರ ಮೂಲಬಿಂದುವಿನಲ್ಲಿ ಇಲ್ಲದಿದ್ದರೆ? ಚುಕ್ಕಿ ರಂಗೋಲಿಯಲ್ಲಿ ಈ ಪ್ರಶ್ನೆ ತಾನಾಗಿ ಎದುರಾಗುತ್ತದೆ. 5 ಚುಕ್ಕಿ 5 ಸಾಲು ಇಟ್ಟರೆ ನಟ್ಟನಡುವೆ ಒಂದು ಚುಕ್ಕಿ ಇರುತ್ತದೆ, ಅದನ್ನೇ ಮೂಲಬಿಂದು ಎಂದುಕೊಂಡು ಕಾಲು ಭಾಗದ ಎಳೆಯನ್ನು ಮೂರು ಸಲ ತಿರುಗಿಸಿದರೆ ರಂಗೋಲಿ ಪೂರ್ತಿ. 6 ಚುಕ್ಕಿ 6 ಸಾಲಿನಲ್ಲಿ ನಡುವೆ ಚುಕ್ಕಿಯೇ ಇಲ್ಲ. ಎಡಗಡೆಯ ಕೆಳಮೂಲೆಯ ಚುಕ್ಕಿ (1, 1), ಬಲಗಡೆಯ ಮೇಲ್ಮೂಲೆಯದು (6, 6) ಎಂದಾದರೆ ಕೇಂದ್ರ (3.5, 3.5).

ಆಗ ಮೂರು ಹೆಜ್ಜೆ. ಕೇಂದ್ರವನ್ನು ಮೂಲಬಿಂದುವಿಗೆ ತರಲು ಎರಡೂ ಅಂಕಿಗಳಿಂದ 3.5 ಕಳೆಯಿರಿ, (−ವೈ, ಎಕ್ಸ್) ಹಾಕಿ, ಮತ್ತೆ 3.5 ಕೂಡಿ. ಚುಕ್ಕಿ (2, 1) ತೆಗೆದುಕೊಳ್ಳಿ: ಕಳೆದರೆ (−1.5, −2.5), ತಿರುಗಿಸಿದರೆ (2.5, −1.5), ಕೂಡಿದರೆ (6, 2). ಮೂರೂ ಹೆಜ್ಜೆಯನ್ನು ಒಟ್ಟಿಗೆ ಬರೆದರೆ (7 − ವೈ, ಎಕ್ಸ್) ಎಂಬ ಪುಟ್ಟ ಸೂತ್ರ ಉಳಿಯುತ್ತದೆ. ಮೂಲೆಯ (1, 1) ಅದರಿಂದ (6, 1)ಕ್ಕೆ, ಅಲ್ಲಿಂದ (6, 6)ಕ್ಕೆ, ಅಲ್ಲಿಂದ (1, 6)ಕ್ಕೆ, ಮತ್ತೆ ಮನೆಗೆ. ನಾಲ್ಕು ಸಲಕ್ಕೆ ಹೊರಟಲ್ಲಿಗೇ ಬರದಿದ್ದರೆ ಎಲ್ಲೋ ಕೂಡುವುದನ್ನು ಮರೆತಿದ್ದೀರಿ. ಆಗ ರಂಗೋಲಿ ಚುಕ್ಕಿಗಳ ಚೌಕದಾಚೆ ಜಾರಿರುತ್ತದೆ.

ಒಂದು ಸಾಲಿನ ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಡುವ ಸಂದು ಚುಕ್ಕಿಯ ರಂಗೋಲಿಗಳನ್ನು ಈ ಹಾಳೆಗೆ ತರಲು ಹೋಗಬೇಡಿ. ಅವು 60° ತಿರುಗುವ ಜಾತಿ. ಮೂರೂ ಶೃಂಗಗಳು ಪೂರ್ಣಾಂಕದ ಗೆರೆಗಳು ಕೂಡುವಲ್ಲೇ ಬೀಳುವಂಥ ಸಮಬಾಹು ತ್ರಿಭುಜವನ್ನು ಚೌಕದ ಗ್ರಾಫಿನಲ್ಲಿ ಬರೆಯಲು ಸಾಧ್ಯವೇ ಇಲ್ಲ.

ಹಿಗ್ಗಿಸುವುದು, ಕುಗ್ಗಿಸುವುದು

ಮೂಲಬಿಂದುವಿನಿಂದ 2 ಪಟ್ಟು ಎಂದರೆ ಎರಡೂ ಅಂಕಿಗಳನ್ನು 2ರಿಂದ ಗುಣಿಸಿ: (2, 2), (10, 4), (4, 8). ಗುಣಿಸುವ ಬದಲು 2 ಕೂಡಿದರೆ ಆಕೃತಿ ಹಿಗ್ಗುವುದಿಲ್ಲ, ಸರಿಯುತ್ತದೆ ಅಷ್ಟೆ. ಬಾಹುಗಳು 2 ಪಟ್ಟಾದರೆ ವಿಸ್ತೀರ್ಣ 4 ಪಟ್ಟು, ಅಂದರೆ 22. ಎ ಬಿಂದುವಿನಿಂದಲೇ ಹಿಗ್ಗಿಸಬೇಕಾದರೆ ಎ ಅಲುಗುವುದಿಲ್ಲ, ಬಿ (9, 3)ಕ್ಕೂ ಸಿ (3, 7)ಕ್ಕೂ ಹೋಗುತ್ತವೆ. ಗಾತ್ರ ಅದೇ, ಜಾಗ ಬೇರೆ.

ಒಂದರ ಮೇಲೊಂದು ಮಾಡುವಾಗ ಯಾವುದು ಮೊದಲು ಎಂಬುದು ಮುಖ್ಯ. ಬಿ(5, 2)ನ್ನು ಮೊದಲು ಎಕ್ಸ್ ಅಕ್ಷದಲ್ಲಿ ಮಗುಚಿ ಆಮೇಲೆ 90° ಅಪ್ರದಕ್ಷಿಣವಾಗಿ ತಿರುಗಿಸಿದರೆ (2, 5). ಮೊದಲು ತಿರುಗಿಸಿ ಆಮೇಲೆ ಮಗುಚಿದರೆ (−2, −5). ಪ್ರಶ್ನೆಯಲ್ಲಿ ಕೊಟ್ಟ ಕ್ರಮವನ್ನು ಮೀರಬೇಡಿ. ಎರಡು ಸಲ ಮಗುಚುವುದರಲ್ಲಿ ಒಂದು ಸೊಗಸಿದೆ. ಕನ್ನಡಿಗಳು ಸಮಾಂತರವಾಗಿದ್ದರೆ ಫಲ ಬರೀ ಸರಿಸಿದಂತೆ, ಅದೂ ಕನ್ನಡಿಗಳ ನಡುವಿನ ದೂರದ ಎರಡರಷ್ಟು. ಕನ್ನಡಿಗಳು ಒಂದನ್ನೊಂದು ಕತ್ತರಿಸಿದರೆ ಫಲ ತಿರುಗಿಸಿದಂತೆ, ಅವುಗಳ ನಡುವಿನ ಕೋನದ ಎರಡರಷ್ಟು.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಒಂದು ಮಾತು. ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ವೈ ಅಕ್ಷ ನಮ್ಮ ಹಾಳೆಯಂತೆಯೇ ಮೇಲಕ್ಕೆ ಹೋಗುತ್ತದೆ. ಚಿತ್ರ ತಿದ್ದುವ ಹೆಚ್ಚಿನ ತಂತ್ರಾಂಶಗಳಲ್ಲಿ ಮೂಲಬಿಂದು ಎಡಗಡೆಯ ಮೇಲ್ಮೂಲೆಯಲ್ಲಿದ್ದು ವೈ ಕೆಳಕ್ಕೆ ಬೆಳೆಯುತ್ತದೆ. ಅಲ್ಲಿ (−ವೈ, ಎಕ್ಸ್) ಹಾಕಿದರೆ ಚಿತ್ರ ಪ್ರದಕ್ಷಿಣವಾಗಿ ತಿರುಗಿದಂತೆ ಕಾಣುತ್ತದೆ.

ಸೋಮನಾಥಪುರದ ನಕ್ಷತ್ರ

ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 1258ರ ಕೇಶವ ದೇವಾಲಯವಿದೆ. ಅದರ ಗರ್ಭಗುಡಿಗಳ ತಳವಿನ್ಯಾಸ 16 ಮೊನೆಗಳ ನಕ್ಷತ್ರ. ಇಂಥ ನಕ್ಷತ್ರ ಗ್ರಾಫ್ ಹಾಳೆಯಲ್ಲಿ ಹುಟ್ಟುವುದು ನಾಲ್ಕೇ ಚೌಕಗಳಿಂದ: ಒಂದು ಚೌಕ, ಅದನ್ನೇ ಕೇಂದ್ರದ ಸುತ್ತ 22.5° ತಿರುಗಿಸಿದ್ದು, 45° ತಿರುಗಿಸಿದ್ದು, 67.5° ತಿರುಗಿಸಿದ್ದು.

90° ಅಲ್ಲದ ಕೋನಕ್ಕೆ ಪೂರ್ತಿ ಸೂತ್ರ ಬೇಕು. ಹೊಸ ಎಕ್ಸ್ = ಎಕ್ಸ್ × ಕಾಸ್ − ವೈ × ಸೈನ್, ಹೊಸ ವೈ = ಎಕ್ಸ್ × ಸೈನ್ + ವೈ × ಕಾಸ್. ಇಲ್ಲಿ ಕಾಸ್ 22.5° = 0.924, ಸೈನ್ 22.5° = 0.383. ಕ್ಯಾಲ್ಕುಲೇಟರಿನಲ್ಲಿ ಸೈನ್ 22.5 ಒತ್ತಿದಾಗ −0.487 ಬಂದರೆ ಅದು ರೇಡಿಯನ್‌ನಲ್ಲಿ ಕೂತಿದೆ, ಡಿಗ್ರಿಗೆ ಬದಲಿಸಿ.

ಮೊನೆಯಿಂದ ಕೇಂದ್ರಕ್ಕೆ 8 ಸೆಂ.ಮೀ. ಇಟ್ಟರೆ ಒಟ್ಟು ಅಗಲ 16 ಸೆಂ.ಮೀ. ಮೊದಲ ನಾಲ್ಕು ಮೊನೆಗಳು: (8, 0), (7.39, 3.06), (5.66, 5.66), (3.06, 7.39). ಉಳಿದ 12ಕ್ಕೆ ಸೈನ್, ಕಾಸ್ ಬೇಡ. ಈ ನಾಲ್ಕಕ್ಕೂ (−ವೈ, ಎಕ್ಸ್) ಅನ್ನು ಮೂರು ಸಲ ಹಾಕಿ. ಪರೀಕ್ಷೆ ಬೇಕೆಂದರೆ ಎರಡು ಅಂಕಿಗಳ ವರ್ಗಗಳನ್ನು ಕೂಡಿ, 64ರ ಆಸುಪಾಸು ಬರಬೇಕು. ಹಾಳೆಯಲ್ಲಿ ಗುರುತು ಹಾಕುವಾಗ 7.4, 3.1, 5.7 ಸಾಕು.

ಸೇರಿಸುವಾಗ ಪಕ್ಕದ ಮೊನೆಗೆ ಗೆರೆ ಎಳೆದರೆ 16 ಬಾಹುಗಳ ಬಹುಭುಜ ಆಗುತ್ತದೆ, ನಕ್ಷತ್ರ ಆಗುವುದಿಲ್ಲ. ಪ್ರತಿ ಮೊನೆಯಿಂದ ನಾಲ್ಕನೆಯ ಮೊನೆಗೆ ತೆಳುವಾಗಿ ಎಳೆಯಿರಿ; ನಾಲ್ಕು ಚೌಕಗಳು ಮೂಡುತ್ತವೆ. ಹೊರಗಿನ ಅಂಚನ್ನು ಮಾತ್ರ ಗಟ್ಟಿಯಾಗಿ ತಿದ್ದಿ, ಒಳಗಿನ ಗೆರೆಗಳನ್ನು ಅಳಿಸಿ. ಎರಡು ಮೊನೆಗಳ ನಡುವಿನ ಒಳಮೂಲೆ ಕೇಂದ್ರದಿಂದ 6.8 ಸೆಂ.ಮೀ. ದೂರದಲ್ಲಿರಬೇಕು, ಪ್ರತಿ ಮೊನೆಯಲ್ಲೂ ಲಂಬಕೋನವಿರಬೇಕು.

ಗರ್ಭಗುಡಿಗಳು ಮೂರು: ಪಶ್ಚಿಮ, ಉತ್ತರ, ದಕ್ಷಿಣ. ಮೂರೂ ನಡುವಿನ ಮಂಟಪಕ್ಕೆ ಮುಖ ಮಾಡಿವೆ. ಇನ್ನೊಂದು ಹಾಳೆಯಲ್ಲಿ ಮಂಟಪದ ನಡುವನ್ನು ಮೂಲಬಿಂದು ಮಾಡಿ, ಪಶ್ಚಿಮದ ನಕ್ಷತ್ರವನ್ನು (−5, 0) ಕೇಂದ್ರವಾಗಿಟ್ಟು, ಮೊನೆಯಿಂದ ಕೇಂದ್ರಕ್ಕೆ 2 ಸೆಂ.ಮೀ. ಇರುವಂತೆ ಬರೆಯಿರಿ. ಬಾಗಿಲನ್ನು ಅದರ ಪೂರ್ವದ ಮೊನೆ (−3, 0)ರಲ್ಲಿ ಗುರುತಿಸಿ. ಮಂಟಪಕ್ಕೆ ಕೂಡಿಕೊಳ್ಳುವ ಆ ಬದಿಯ ಮೊನೆಗಳು ನಿಜವಾದ ಕಟ್ಟಡದಲ್ಲಿ ಕಾಣುವುದಿಲ್ಲ. ಉತ್ತರದ್ದಕ್ಕೆ (ವೈ, −ಎಕ್ಸ್), ದಕ್ಷಿಣದ್ದಕ್ಕೆ (−ವೈ, ಎಕ್ಸ್). ಬಾಗಿಲುಗಳು (0, 3) ಮತ್ತು (0, −3)ಕ್ಕೆ ಬಂದು ಮಂಟಪವನ್ನೇ ನೋಡುತ್ತವೆ. ತಿರುಗಿಸದೆ ಬರೀ ಸರಿಸಿದರೂ ನಕ್ಷತ್ರದ ಅಂಚಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಬರುವುದಿಲ್ಲ, ಏಕೆಂದರೆ ಅದು ಪ್ರತಿ 22.5°ಗೂ ತನ್ನ ಮೇಲೇ ಕೂರುವ ಆಕೃತಿ. ಬಾಗಿಲು ಮಾತ್ರ ಮೂರರಲ್ಲೂ ಪೂರ್ವಕ್ಕೇ ನಿಂತು, ಉತ್ತರ ದಕ್ಷಿಣದ ಗುಡಿಗಳಿಗೆ ಮಂಟಪದಿಂದ ದಾರಿಯೇ ಇರುವುದಿಲ್ಲ.