ಹೆಸರು ಬಿಟ್ಟು ತಿಥಿ ಹಿಡಿದೆ: ಕಂಪನಿ ದಫ್ತರದಲ್ಲಿ ಕೆಳದಿಯ ಕಾಗದ

ಕೆಳದಿ ಅರಸರಿಗೂ ಡಚ್ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಪತ್ರ ವ್ಯವಹಾರ ಬೆಂಗಳೂರಿನಲ್ಲಿ ಕೂತು ಹುಡುಕುವ ಕೆಲಸ ಅಲ್ಲ ಎಂದು ನಮ್ಮ ಭಾನುವಾರದ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಈಗ ನನ್ನ ಹತ್ತಿರ ಸುಮಾರು ಮೂವತ್ತು ಜೋಡಿ ಇವೆ. ಒಂದು ಕಡೆ ಕನ್ನಡದ ನಿರೂಪ (ಅರಸರ ಆಜ್ಞೆಯ ಕಾಗದ) ಅಥವಾ ಅದರ ನಕಲು, ಇನ್ನೊಂದು ಕಡೆ ಅದೇ ವಿಷಯಕ್ಕೆ ಕಂಪನಿಯವರ ಪುಸ್ತಕದಲ್ಲಿ ಬಿದ್ದ ದಾಖಲೆ. ಎಲ್ಲವೂ ವಿಜಯನಗರದ ನಮ್ಮ ಮನೆಯ ಊಟದ ಮೇಜಿನ ಮೇಲೇ ಆದದ್ದು. ಹಾಗಾಗಿ ಬರೆಯುತ್ತಿದ್ದೇನೆ.

ಡಚ್ ಕಂಪನಿಯ ಕಾಗದಗಳಿರುವ ಹೇಗ್‌ನ ದಫ್ತರದ ಸ್ಕ್ಯಾನುಗಳು ಪುಕ್ಕಟೆ ಎಂಬುದು ನಿಮಗೆಲ್ಲ ಗೊತ್ತಿದೆ. ಯಂತ್ರ ಓದಿದ ಪಠ್ಯವೂ ಈಗ ಲಕ್ಷಗಟ್ಟಲೆ ಪುಟ ಸಿಗುತ್ತದೆ. ನಾನೂ ಎಲ್ಲರ ಹಾಗೆ ಹೆಸರು ಹಾಕಿ ಹುಡುಕುವುದರಿಂದಲೇ ಶುರು ಮಾಡಿದೆ. ಒಂದು ವರ್ಷದ ಮೇಲೆ ಅದರಲ್ಲೇ ಹೋಯಿತು. ಊರಿನ ಹೆಸರು ಗುಮಾಸ್ತನಿಗೊಂದು ಥರ. ಅರಸನ ಹೆಸರು ಬಹಳ ಸಲ ಇರುವುದೇ ಇಲ್ಲ, ಬರೀ ‘ಕೆನರಾದ ರಾಜ’. ಹೆಸರು ಇದ್ದರೂ ಕಷ್ಟ ತಪ್ಪುವುದಿಲ್ಲ. ಸೋಮಶೇಖರ ಇಬ್ಬರು, ಬಸಪ್ಪ ಇಬ್ಬರು!

ದುಡ್ಡು ಹೋದದ್ದು ಈ ಹಂತದಲ್ಲೇ. ಡಚ್ ಬಲ್ಲವರೊಬ್ಬರಿಗೆ ಪುಟಕ್ಕೆ ಆರೇಳು ನೂರರಂತೆ ಕೊಟ್ಟು ಅನುವಾದ ಮಾಡಿಸಿದೆ. ಇಪ್ಪತ್ತು ಸಾವಿರದ ಹತ್ತಿರ ಖರ್ಚು. ಬಂದದ್ದು ಮೆಣಸಿನ ತೂಕ, ಬಟ್ಟೆ ಬೇಲು, ಹಡಗಿನ ರಿಪೇರಿ. ವಿದೇಶದ ಒಂದು ಸಂಗ್ರಹದಿಂದ ಇಂಗ್ಲಿಷ್ ಪುಟಗಳ ಸ್ಕ್ಯಾನ್ ತರಿಸಿದೆ, ಅದಕ್ಕೆ ಹನ್ನೆರಡು ಹದಿಮೂರು ಸಾವಿರ. ನಾನು ಕೇಳಿದ ಸಂಪುಟದ ಪಕ್ಕದ ಸಂಪುಟ ಕಳಿಸಿದ್ದರು. ಬದಲಾಯಿಸಿ ಎಂದರೆ ಮತ್ತೆ ದುಡ್ಡು ಕೇಳಿದರು. ಅಷ್ಟಕ್ಕೇ ಬಿಟ್ಟೆ.

ಆಮೇಲೆ ಹೊಳೆದದ್ದು ಬಹಳ ಸರಳ. ಗುಮಾಸ್ತ ಹೆಸರು ಕೆಡಿಸುತ್ತಾನೆ, ತಾರೀಖು ಕೆಡಿಸುವುದಿಲ್ಲ. ಇಂಥ ದಿನ ರಾಜನ ಓಲೆ ಬಂತು, ಇಂಥ ದಿನ ಜವಾಬು ಹೋಯಿತು ಅಂತ ದಿನಚರಿಯಲ್ಲಿ ಸಾಲಾಗಿ ಬರೆದಿರುತ್ತಾನೆ. ನಮ್ಮ ಕಡೆಯ ಕಾಗದದಲ್ಲಿ ಸಂವತ್ಸರ, ಮಾಸ, ತಿಥಿ ಇರುತ್ತದೆ. ವಾರವೂ ಇದ್ದರೆ ಅದೃಷ್ಟ. ತಿಥಿಯನ್ನು ತಾರೀಖು ಮಾಡಿ, ನೇರ ಆ ದಿನದ ಹಾಳೆಗೆ ಹೋಗುವುದು. ಹುಡುಕು ಪೆಟ್ಟಿಗೆಯಲ್ಲಿ ಏನೂ ಬರೆಯಬೇಕಾಗಿಲ್ಲ.

ಇದನ್ನು ಹೇಳಿದಾಗ ಗುಂಪಿನ ಹಿರಿಯ ಮೇಷ್ಟ್ರು ನಕ್ಕರು. “ಅಲ್ಲಪ್ಪಾ, ಅರವತ್ತು ವರ್ಷಕ್ಕೆ ಅದೇ ಸಂವತ್ಸರ ಮತ್ತೆ ಬರುತ್ತಲ್ಲ, ಆಗೇನ್ ಮಾಡ್ತೀಯ?” ಅವರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸಾಧಾರಣ ಸಂವತ್ಸರ 1670ರಲ್ಲಿ ಬಂತು, 1730ರಲ್ಲೂ ಬಂತು. ಎರಡು ಸಲವೂ ಗದ್ದುಗೆಯ ಮೇಲೆ ಸೋಮಶೇಖರ ನಾಯಕನೇ! “ವಾರ ನೋಡ್ತೀನಿ ಸಾರ್” ಅಂದೆ. ತಿಥಿಗೆ ವಾರ ಸೇರಿದರೆ ಸುಳ್ಳು ಹೊಂದಿಕೆ ಏಳರಲ್ಲಿ ಒಂದು ಮಾತ್ರ ಉಳಿಯುತ್ತದೆ. ಆ ಒಂದನ್ನು ಕಾಗದದ ವಿಷಯವೇ ತೆಗೆದುಹಾಕುತ್ತದೆ. 1653ರ ಸುಮಾರಿಗೆ ಶಿವಪ್ಪ ನಾಯಕ ಹೊನ್ನಾವರ, ಬಸರೂರುಗಳಿಂದ ಪೋರ್ಚುಗೀಸರನ್ನು ಓಡಿಸಿದ. ಡಚ್ಚರು 1663ರಲ್ಲಿ ಕೊಚ್ಚಿ ಹಿಡಿದರು. ಇವೆಲ್ಲ ಇನ್ನೂ ಹಸಿಯಾಗಿದ್ದ 1670ರ ದೂರು ಬೇರೆ, 1730ರ ದೂರು ಬೇರೆ.

ನನ್ನ ತಲೆ ತಿಂದದ್ದು ಸಂವತ್ಸರ ಅಲ್ಲ, ಇಂಗ್ಲಿಷರು. ಕೊಚ್ಚಿಯ ಡಚ್ಚರು, ಗೋವೆಯ ಪೋರ್ಚುಗೀಸರು ಹೊಸ ಪದ್ಧತಿಯ (ಈಗ ನಾವು ಬಳಸುವ ಗ್ರೆಗೋರಿಯನ್) ತಾರೀಖು ಹಾಕುತ್ತಿದ್ದರು. ಮಲಬಾರ್ ತೀರದ ತಲಶ್ಶೇರಿಯಲ್ಲಿದ್ದ ಇಂಗ್ಲಿಷ್ ಕಂಪನಿಯವರು 1752ರವರೆಗೂ ಹಳೆಯದನ್ನೇ (ಜೂಲಿಯನ್) ಹಿಡಿದಿದ್ದರು. ಆ ಶತಮಾನದಲ್ಲಿ ವ್ಯತ್ಯಾಸ 11 ದಿನ. ಅದರ ಮೇಲೆ ಅವರಿಗೆ ಹೊಸ ವರ್ಷ ಬರುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮ ತಿಥಿ ಲೆಕ್ಕ ಹಾಕಿದಾಗ 1733ರ ಫೆಬ್ರವರಿ 10 ಬಂತು ಅನ್ನಿ. ಕೊಚ್ಚಿಯಲ್ಲಿ ಅದೇ ತಾರೀಖು. ತಲಶ್ಶೇರಿ ಪುಸ್ತಕದಲ್ಲಿ ಅದೇ ದಿನ 1732ರ ಜನವರಿ 30! ವರ್ಷವೇ ಬೇರೆ. ಕೆಳದಿಯ ಸೇನೆ ತಲಶ್ಶೇರಿ ಕಡೆಯ ಕೋಲತ್ತುನಾಡಿಗೆ ನುಗ್ಗಿದ ಆ ದಶಕದ ಕಾಗದಗಳು ಎಷ್ಟೋ ಜನಕ್ಕೆ ಸಿಗದೆ ಇರುವುದು ಇದಕ್ಕೇ ಅಂತ ನನ್ನ ಅನುಮಾನ. ತಿಥಿಯನ್ನು ತಾರೀಖು ಮಾಡಲು ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕ ಬಳಸುವವರು ಅದು ಯಾವ ಪದ್ಧತಿಯ ತಾರೀಖು ಕೊಡುತ್ತದೆ ಎಂದು ಮೊದಲು ನೋಡಿಕೊಳ್ಳಿ. ನಾನು ಅವೆನ್ಯೂ ರಸ್ತೆಯಲ್ಲಿ ಇನ್ನೂರೈವತ್ತು ರೂಪಾಯಿಗೆ ಒಂದು ಹಳೇ ಪಂಚಾಂಗದ ಕಟ್ಟು ತಂದಿದ್ದೆ, ಓದಲು ಖುಷಿ, ಕೆಲಸಕ್ಕೆ ಬರಲಿಲ್ಲ. ಕೊನೆಗೆ ಅಕ್ಕನ ಮಗನ ಕೈಲಿ ಒಂದು ಸಣ್ಣ ಪ್ರೋಗ್ರಾಮ್ ಬರೆಸಿದೆ. ಸಂಭಾವನೆ ಬರೀ ಮಸಾಲೆ ದೋಸೆ.

ಲೆಕ್ಕ ಸರಿಯಿದೆಯಾ ಎಂದು ನೋಡಲು ಟಿಪ್ಪುವಿಗೂ ಇಂಗ್ಲಿಷರಿಗೂ ಆದ ಮಂಗಳೂರು ಒಪ್ಪಂದ ಒಳ್ಳೆಯದು. 1784ರ ಮಾರ್ಚ್ 11. ಶೋಭಕೃತು ಸಂವತ್ಸರದ ಕೊನೆ, ಫಾಲ್ಗುಣ ಬಹುಳ, ಗುರುವಾರ, ಹಿಜರಿ 1198. ನಿಮ್ಮ ಪ್ರೋಗ್ರಾಮ್ ಇಷ್ಟು ಕೊಡದಿದ್ದರೆ ಮುಂದೆ ಹೋಗಬೇಡಿ.

ಓಲೆ ಬರೆದ ದಿನದಿಂದ ಎಷ್ಟು ದಿನದವರೆಗಿನ ಹಾಳೆ ನೋಡಬೇಕು ಎಂಬುದು ಇನ್ನೊಂದು ಪ್ರಶ್ನೆ. ಕೆಳದಿಯವರ ರಾಜಧಾನಿ ಬಿದನೂರಿನಲ್ಲಿ ಬರೆದ ಓಲೆ ಅದೇ ದಿನ ಕಡಲ ತೀರಕ್ಕೆ ಬರುವುದಿಲ್ಲ, ಅಲ್ವಾ? ಮಳೆಗಾಲದಲ್ಲಿ ಬಂದರು ಮುಚ್ಚಿರುತ್ತದೆ, ಓಲೆಕಾರ ಘಟ್ಟ ಇಳಿದು ನಡೆದೇ ಬರಬೇಕು. ನಾನು ಬೇಸಿಗೆಗೊಂದು, ಮಳೆಗಾಲಕ್ಕೊಂದು ಅಂತ ಎರಡು ಅಳತೆ ಇಟ್ಟಿದ್ದೇನೆ. ಎಷ್ಟೆಷ್ಟು ಎಂದು ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿದಿದೆ. ಅಕ್ಕಿಯ ವಿಷಯದ ಕಾಗದ ಬೇರೆಯವಕ್ಕಿಂತ ಬೇಗ ತಲುಪುತ್ತದೆ, ಇಷ್ಟು ಸುಳಿವು ಸಾಕು. ತಲಶ್ಶೇರಿಯವರು ಮಂಗಳೂರಿನ ಅಕ್ಕಿ ನಂಬಿ ಬದುಕುತ್ತಿದ್ದವರು.

ನಡುವೆ ಟಿಪ್ಪು ಕಡೆಗೂ ಕೈ ಹಾಕಿದೆ. 1787ರಿಂದ ಅವನು ಮೌಲೂದಿ ಶಕ ಎಂಬ ತನ್ನದೇ ವರ್ಷದ ಎಣಿಕೆ ನಡೆಸಿದ. ನೋಡಲು ಭಯವಾಗುತ್ತದೆ, ಆದರೆ ಒಳಗೆ ನಮ್ಮ ಚಾಂದ್ರಮಾನದ್ದೇ ಲೆಕ್ಕ. ಮೊದಲ ತಿಂಗಳು ಅಹ್ಮದಿ ಎಂದರೆ ನಮ್ಮ ಚೈತ್ರ. ವರ್ಷಕ್ಕೆ 572 ಕೂಡಿಸಿದರೆ ಆಯಿತು, 1215 ಎಂದರೆ 1787. ಇನ್ನೊಂದು ಮಜಾ ಎಂದರೆ ನೆಪೋಲಿಯನ್ ಟಿಪ್ಪುವಿಗೆ ಬರೆದ ಕಾಗದ. ಅದರ ಮೇಲೆ ಫ್ರೆಂಚ್ ಕ್ರಾಂತಿಯ ಪಂಚಾಂಗದ 7ನೇ ವರ್ಷದ ಪ್ಲೂವಿಯೋಸ್ 7 ಎಂದಿದೆ, ಅಂದರೆ 1799ರ ಜನವರಿ 26. ಅದು ಟಿಪ್ಪುವಿಗೆ ತಲುಪಲೇ ಇಲ್ಲ, ಬ್ರಿಟಿಷರ ಕೈಗೆ ಸಿಕ್ಕಿತು. ತಲುಪಿದ್ದರೆ, ಎರಡು ಹೊಸ ಪಂಚಾಂಗಗಳ ಜೋಡಿ ನನ್ನ ಪಟ್ಟಿಗೆ ಸೇರುತ್ತಿತ್ತು!

ಮೋಡಿ ಲಿಪಿಯನ್ನು (ಅಕ್ಷರ ಕೂಡಿಸಿ ವೇಗವಾಗಿ ಬರೆಯುವ ಹಳೇ ಬರಹ) ಯಂತ್ರಕ್ಕೆ ಕಲಿಸಲು ಹೋಗಿ ನಾಲ್ಕು ಸಾವಿರ ಕಳೆದದ್ದೂ ಈ ಮಧ್ಯೆಯೇ. ಅದರ ಕಥೆ ಬೇಡ.

ಒಟ್ಟು ಖರ್ಚು ನಲವತ್ತು ಸಾವಿರ ದಾಟಿರಬಹುದು. ತಿಥಿಯ ದಾರಿಗೆ ಅಂತ ಆದದ್ದು ಅದರಲ್ಲಿ ಎರಡು ಸಾವಿರವೂ ಇಲ್ಲ. ಹೋದ ತಿಂಗಳು ಮೇಷ್ಟ್ರು ತಮ್ಮ ಹತ್ತಿರದ ಒಂದು ನಿರೂಪದ ನಕಲು ತಂದುಕೊಟ್ಟು, “ಇದಕ್ಕೂ ನೋಡಪ್ಪ” ಎಂದರು. ಅದರಲ್ಲಿ ವಾರ ಬರೆದಿಲ್ಲ, ಹಾಗಾಗಿ ವಿಷಯ ಹೊಂದುವ ಕಾಗದವೇ ಸಿಗಬೇಕು. ಗೋವೆಯ ವೈಸರಾಯ್ ನೆರೆಯ ಅರಸರಿಗೆ ಬರೆದ ಕಾಗದಗಳ ಸಂಪುಟಗಳು ಪಣಜಿಯ ದಫ್ತರದಲ್ಲಿವೆ. ಮಳೆ ನಿಂತ ಮೇಲೆ ಅಲ್ಲಿಗೇ ಹೋಗಿ ನೋಡಬೇಕು.