ಎದೆಗುಂದಿದಾಗ ನಂಬಿಕೆಯನ್ನು ಆಸರೆಯಾಗಿಸಿಕೊಳ್ಳುವ, ಇನ್ನೊಬ್ಬರಿಗೆ ಧೈರ್ಯ ತುಂಬುವ ಬಗೆ

ಮಳೆ ಕೈಕೊಟ್ಟ ವರ್ಷ ಚಳ್ಳಕೆರೆಯ ಶೇಂಗಾ ಹೊಲಗಳಲ್ಲಿ, ಬೆಲೆ ಕುಸಿದ ವರ್ಷ ಈರುಳ್ಳಿ ರಾಶಿಯ ಪಕ್ಕದಲ್ಲಿ, ಫಲಿತಾಂಶದ ಮರುದಿನ ದಾವಣಗೆರೆಯ ಹಾಸ್ಟೆಲ್ ಕೋಣೆಗಳಲ್ಲಿ ಎದೆಗುಂದಿ ಕುಳಿತವರನ್ನು ನಮ್ಮ ಸೀಮೆಯವರೆಲ್ಲ ಕಂಡಿದ್ದಾರೆ. ಅಂಥ ಹೊತ್ತಿನಲ್ಲಿ “ದೇವರಿದ್ದಾನೆ, ಧೈರ್ಯವಾಗಿರು” ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಮಾತು ಸುಳ್ಳಲ್ಲ, ಆದರೆ ಹೇಳಿದವರು ಎದ್ದು ಹೋದ ಮೇಲೆ ಕೇಳಿದವರು ಮತ್ತೆ ಒಂಟಿಯಾಗುತ್ತಾರೆ. ನಂಬಿಕೆ ಆಸರೆಯಾಗಬೇಕಾದರೆ ಅದರ ಜೊತೆಗೆ ಕೈಗೊಂದು ಕೆಲಸವೂ ಬಳಿಯಲ್ಲೊಬ್ಬ ಮನುಷ್ಯನೂ ಇರಬೇಕು.

ಕುಗ್ಗಿರುವುದು ನಿಮ್ಮದೇ ಮನಸ್ಸಾದರೆ, ಮೊದಲು ಪೂಜೆ, ನಮಾಜು, ಪ್ರಾರ್ಥನೆಗಳಲ್ಲಿ ನಿಮಗೆ ರೂಢಿಯಿರುವುದನ್ನು ಬಿಡದೆ ನಡೆಸಿ, ಆದರೆ ಅತಿಯಾಗಿ ಹೆಚ್ಚಿಸಬೇಡಿ. ಸೋತವರಲ್ಲಿ ಕೆಲವರು ದೇವರ ಕೋಣೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇನ್ನು ಕೆಲವರು ಹರಕೆಯ ಮೇಲೆ ಹರಕೆ ಹೊತ್ತು, ಇದ್ದ ಸಾಲದ ಜೊತೆಗೆ ಅದನ್ನು ತೀರಿಸುವ ಖರ್ಚನ್ನೂ ತಲೆಗೆ ಕಟ್ಟಿಕೊಳ್ಳುತ್ತಾರೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ದೀಪ ಹಚ್ಚಿ, ಹತ್ತು ನಿಮಿಷ ಕುಳಿತರೆ ಸಾಕು. ಆ ಹತ್ತು ನಿಮಿಷದಲ್ಲಿ ಸಿಟ್ಟನ್ನೂ ದುಃಖವನ್ನೂ ಬಚ್ಚಿಡದೆ ಹೇಳಿಕೊಳ್ಳಿ. ನಮ್ಮ ಶರಣರು ತಮ್ಮ ದೈವವನ್ನು ಎದುರು ನಿಂತು ಪ್ರಶ್ನಿಸಿದ್ದಾರೆ, ದಾಸರು ನಿಂದಾಸ್ತುತಿಯನ್ನೇ ಹಾಡಿದ್ದಾರೆ. ಆದ್ದರಿಂದ ದೂರು ಹೇಳಿದರೆ ಭಕ್ತಿಗೆ ಕುಂದು ಬಂದೀತೆಂದು ಅಂಜಬೇಕಾಗಿಲ್ಲ.

ಅಲ್ಲಿಂದ ಎದ್ದ ಕೂಡಲೇ ಮಧ್ಯಾಹ್ನದೊಳಗೆ ಮುಗಿಯುವಂಥ ಒಂದು ಕೆಲಸಕ್ಕೆ ಕೈ ಹಾಕಿ. ದನದ ಕೊಟ್ಟಿಗೆ ಗುಡಿಸುವುದಾಗಲಿ, ಹರಿದ ಚೀಲ ಹೊಲಿಯುವುದಾಗಲಿ, ಪುಸ್ತಕದ ಒಂದೇ ಅಧ್ಯಾಯ ಓದುವುದಾಗಲಿ ನಡೆಯುತ್ತದೆ. ಅದು ಮುಗಿಯುವಂಥದ್ದಾಗಿರಬೇಕು ಎನ್ನುವುದಷ್ಟೇ ಮುಖ್ಯ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ “ಮಾಡಿದಷ್ಟು ನೀಡು ಭಿಕ್ಷೆ” ಎಂಬ ಮಾತು ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅವರು ಕೆರೆ ಕಟ್ಟಿಸಿದರೆಂದೂ, ಅಲ್ಲಿ ದುಡಿದವರಿಗೆ ದುಡಿದಷ್ಟೇ ಕೂಲಿ ದೊರೆಯುತ್ತಿತ್ತೆಂದೂ ಜನ ಕಥೆ ಹೇಳುತ್ತಾರೆ. ಸೋಮಾರಿಗಳನ್ನು ಗದರಿಸಲು ಬಳಸುವ ಈ ಮಾತನ್ನು ನಾನು ಸೋತವರಿಗೆ ಸಮಾಧಾನವೆಂದೇ ಓದುತ್ತೇನೆ: ಇವತ್ತು ನಿಮ್ಮಿಂದ ಒಂದು ಬುಟ್ಟಿ ಮಣ್ಣು ಮಾತ್ರ ಎತ್ತಲು ಆಯಿತೆಂದರೆ ಆ ಒಂದು ಬುಟ್ಟಿಗೂ ಲೆಕ್ಕವಿದೆ.

ದೇವರಿಗೆ ಗಡುವು ಹಾಕುವುದನ್ನು ಬಿಡಬೇಕು. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ. ಅದಕ್ಕೆ ಆ ವರ್ಷದ ಭಾರಿ ಮಳೆಯಷ್ಟೇ ಕಾರಣವಲ್ಲ. ಭದ್ರೆಯ ನೀರನ್ನು ಈ ಜಲಾಶಯಕ್ಕೆ ಸೇರುವ ವೇದಾವತಿ ನದಿಗೆ ಹರಿಸಿದ್ದೂ, ಆ ನೀರಿಗಾಗಿ ಈ ಭಾಗದ ರೈತರು ವರ್ಷಾನುಗಟ್ಟಲೆ ಹೋರಾಡಿದ್ದೂ ಕಾರಣ. ಜಲಾಶಯವಿರುವ ಮಾರಿಕಣಿವೆಯ ದೇವತೆ ಕಣಿವೆಮಾರಮ್ಮನಿಗೆ ಕೈ ಮುಗಿದವರೇ ಸರ್ಕಾರದ ಮುಂದೆ ಧರಣಿಯನ್ನೂ ಕುಳಿತರು. ಒಂದು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ.

ಇದೇ ಮಾತು ವೈದ್ಯರ ವಿಷಯಕ್ಕೂ ಸಲ್ಲುತ್ತದೆ. ನಿದ್ದೆಯಿಲ್ಲದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ದಾಟಿದರೆ ಅದನ್ನು ಬೇಸರವೆಂದು ತಳ್ಳಿಹಾಕದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಇಲ್ಲವೇ 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಗೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮಾತ್ರೆ ತೆಗೆದುಕೊಂಡರೆ ದೇವರ ಮೇಲಿನ ನಂಬಿಕೆ ಕಡಿಮೆಯಾಯಿತೆಂದು ಹೇಳುವವರು ತಮ್ಮ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಲೇ ಇರುತ್ತಾರೆ.

ಇನ್ನು ಮತ್ತೊಬ್ಬರಿಗೆ ಧೈರ್ಯ ಹೇಳುವ ವಿಚಾರ. ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ. ನಿಮ್ಮ ಊರಿನ ಒಬ್ಬ ರೈತರ ಈರುಳ್ಳಿಗೆ ಲಾರಿ ಬಾಡಿಗೆಯೂ ಹುಟ್ಟದಂಥ ಬೆಲೆ ಬಂದಿದೆ ಎಂದುಕೊಳ್ಳಿ. ನಾಲ್ಕೈದು ಜನ ಒಟ್ಟಾಗಿ ಹೋಗಬೇಡಿ, ಅದು ಸಾವಿನ ಮನೆಗೆ ಹೋದಂತಾಗುತ್ತದೆ. ಒಬ್ಬರೇ ಹೋಗಿ, ಸಂಜೆ ನಾಲ್ಕರ ಹೊತ್ತಿಗೆ ಹೋಗಿ. ರಾಶಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅಲ್ಲಿರುವ ಕುಡುಗೋಲನ್ನು ನೀವೂ ತೆಗೆದುಕೊಂಡು, ಒಣಗಿದ ಸೊಪ್ಪನ್ನು ಕೊಯ್ದು ಗಡ್ಡೆಯನ್ನು ಒಂದು ಕಡೆ, ಕೊಳೆತದ್ದನ್ನು ಇನ್ನೊಂದು ಕಡೆ ಹಾಕುತ್ತಾ ಇರಿ. ಎದುರು ಬದುರು ಕುರ್ಚಿ ಹಾಕಿ ಕೂರಿಸಿದರೆ ಬಾರದ ಮಾತು, ಇಬ್ಬರ ಕಣ್ಣೂ ಈರುಳ್ಳಿಯ ಮೇಲಿದ್ದಾಗ ಬರುತ್ತದೆ. “ಅಣ್ಣಾ, ಈ ಸಲ ಎಷ್ಟು ಚೀಲ ಆದವು?” ಎಂದು ಕೇಳಿ ಸುಮ್ಮನಿರಿ. ಅವರು ಅರ್ಧ ಗಂಟೆ ಮೌನವಾಗಿದ್ದರೂ ಆ ಮೌನವನ್ನು ತುಂಬಲು ಹೋಗಬೇಡಿ.

ಹಣೆಬರಹ, ಹಿಂದಿನ ಜನ್ಮದ ಕರ್ಮ, ದೇವರ ಪರೀಕ್ಷೆ ಎಂಬ ಮಾತುಗಳನ್ನು ನೀವಾಗಿ ಎತ್ತಬಾರದು. ಅವರೇ ಹಾಗೆ ಹೇಳಿಕೊಂಡರೆ ಅದು ಅವರ ಸಮಾಧಾನ. ನೀವು ಹೇಳಿದರೆ ಅದೇ ಮಾತು ಆರೋಪವಾಗುತ್ತದೆ. ನಿಮಗಿಂತ ಕಷ್ಟದಲ್ಲಿರುವವರು ಎಷ್ಟೋ ಜನರಿದ್ದಾರೆ ಎಂಬ ಲೆಕ್ಕವೂ ಬೇಡ. ಅವರ ಮನೆದೇವರು ಯಾರೋ ಆ ದೇವರ ಹೆಸರಿನಲ್ಲಿಯೇ ಮಾತನಾಡಿ; ಸೋತವರನ್ನು ನಿಮ್ಮ ಮಠಕ್ಕೋ ಮಂದಿರಕ್ಕೋ ಮಸೀದಿಗೋ ಚರ್ಚಿಗೋ ಸೆಳೆದುಕೊಳ್ಳಲು ಇದು ಸಮಯವಲ್ಲ.

ಏಳುವ ಮುನ್ನ ಒಂದು ಕೆಲಸವನ್ನು ಒಪ್ಪಿಕೊಂಡೇ ಏಳಿ. ಬರ ಘೋಷಣೆಯಾದ ತಾಲ್ಲೂಕುಗಳಲ್ಲಿ ಬೆಳೆಸಾಲದ ಅವಧಿ ವಿಸ್ತರಿಸಲು ಬ್ಯಾಂಕುಗಳಿಗೆ ಅವಕಾಶವಿರುತ್ತದೆ. “ಸೋಮವಾರ ಬ್ಯಾಂಕಿಗೆ ನಾನೂ ಬರುತ್ತೇನೆ, ಪಹಣಿ ತೆಗೆದಿಟ್ಟಿರಿ” ಎಂದರೆ ಅದು ಧೈರ್ಯದ ಮಾತು. ಪರೀಕ್ಷೆಯಲ್ಲಿ ಫೇಲಾದ ಹುಡುಗಿಯಾದರೆ, ಪಿಯುಸಿಗೂ ಎಸ್ಸೆಸ್ಸೆಲ್ಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ ಎಂದು ತಿಳಿಸಿ, ಮುಂದಿನದಕ್ಕೆ ಶುಲ್ಕ ಕಟ್ಟುವ ಕೊನೆಯ ದಿನವನ್ನು ವಿಚಾರಿಸಿ ಹೇಳಿ. ಅವಳ ಅಪ್ಪ ಅಮ್ಮನ ಜೊತೆಗೂ ಬೇರೆಯಾಗಿ ಮಾತನಾಡುವುದು ಒಳ್ಳೆಯದು, ಏಕೆಂದರೆ ಆ ಮನೆಯಲ್ಲಿ ಎದೆಗುಂದಿದವರು ಅವಳೊಬ್ಬಳೇ ಅಲ್ಲ.

“ನಾನಿದ್ದು ಏನಾಗಬೇಕು” ಎಂಬಂಥ ಮಾತು ಕಿವಿಗೆ ಬಿದ್ದರೆ ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿಬಿಡಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗೇ ಕೊರೆಯುತ್ತಿದ್ದದ್ದು ಹೊರಗೆ ಬರುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಗಳನ್ನು ಅಂದೇ ಬೇರೆ ಕಡೆ ಸಾಗಿಸಿ, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ. ಇದು ಗುಟ್ಟು ಕಾಯುವ ಸಂದರ್ಭವಲ್ಲ.

ಒಂದು ಸಲ ಹೋಗಿ ಬಂದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಮೊದಲ ವಾರ ಬರುವವರು ಬಹಳ, ಮೂರನೆಯ ವಾರಕ್ಕೆ ಯಾರೂ ಇರುವುದಿಲ್ಲ. ಆದ್ದರಿಂದ ನಿಮಗೆ ಒಮ್ಮೆ ಮಾತ್ರ ಹೋಗಲು ಬಿಡುವಿದ್ದರೆ ಮೂರನೆಯ ವಾರವನ್ನೇ ಆರಿಸಿಕೊಳ್ಳಿ.